ಓಣಿ ಸೀಳಿದ ಚಕ್ಕುಬಂದಿ

ನಾನು ಬರೆದುಕೊಟ್ಟ ಹಾಳೆಯಲ್ಲಿ ನಮ್ಮ ನೇಕಾರ ಓಣಿ ಒಂದೇ ವಾರ್ಡಿನಲ್ಲಿತ್ತು. ನೋಟಿಸ್ ಬೋರ್ಡಿಗೆ ಅಂಟಿಸಿದ ಹಾಳೆಯಲ್ಲಿ ಅದೇ ಓಣಿ ಎರಡು ವಾರ್ಡಿಗೆ ಹಂಚಿಹೋಗಿತ್ತು. ಕೆಳಗೆ ‘ಸ್ಥಳ ಸಮೀಕ್ಷೆಯ ಆಧಾರದ ಮೇಲೆ’ ಎಂದು ಬರೆದಿತ್ತು. ಆ ಸ್ಥಳ ಸಮೀಕ್ಷೆ ಮಾಡಿದವನು ನಾನು. ಇವತ್ತಿಗೂ ಆ ನಾಲ್ಕು ಪದ ನೆನಪಾದರೆ ಊಟದ ತಾಟು ಮುಂದೆ ಸರಿಸಿ ಎದ್ದುಬಿಡುತ್ತೇನೆ. ಹೆಂಡತಿ ಬಿಪಿ ಗುಳಿಗೆ ತಂದಿಡುತ್ತಾಳೆ.

ನಮ್ಮೂರು ಹುನಗುಂದದಿಂದ ಇಳಕಲ್ಲಿಗೆ ಹೋಗುವ ದಾರಿಯಿಂದ ಸ್ವಲ್ಪ ಒಳಗಿದೆ. ಪಟ್ಟಣ ಪಂಚಾಯಿತಿ ಎಂದು ಬೋರ್ಡು ಬಂದು ವರ್ಷಗಳಾದರೂ ಊರು ಊರಿನ ಹಾಗೇ ಇದೆ. ಹೆಸರು ಬರೆಯುವುದಿಲ್ಲ. ಬರೆದರೆ ಇನ್ನೊಂದು ನೋಟಿಸು ಬಂದೀತು, ಇರುವ ನೋಟಿಸೇ ನನಗೆ ಸಾಕಾಗಿದೆ. ಅಲ್ಲಿಯ ಹೈಸ್ಕೂಲಿನಲ್ಲಿ ನಾನು ಸಮಾಜ ವಿಜ್ಞಾನದ ಮಾಸ್ತರ. ಹುಟ್ಟಿದ್ದು ನೇಕಾರ ಓಣಿಯಲ್ಲಿ. ಅಪ್ಪ ಕುಣಿ ಮಗ್ಗದಲ್ಲಿ ಇಳಕಲ್ಲ ಸೀರೆ ನೇಯುತ್ತಿದ್ದ. ಅವನು ತೀರಿದ ಮೇಲೆ ಅದೇ ಮಗ್ಗದಲ್ಲಿ ಅಕ್ಕ ಕೂತಳು. ನನಗಿಂತ ಒಂಬತ್ತು ವರ್ಷಕ್ಕೆ ದೊಡ್ಡವಳು. ಏಳನೆಯ ಇಯತ್ತೆಗೆ ಸಾಲಿ ಬಿಟ್ಟು ಸೀರೆ ನೇಯ್ದು ನನ್ನನ್ನು ಬಿ.ಎಡ್. ತನಕ ಓದಿಸಿದಳು. ಮದುವೆಯಾಗಿ ಎರಡು ವರ್ಷಕ್ಕೆ ಗಂಡನನ್ನು ಕಳಕೊಂಡು ತಿರುಗಿ ಬಂದವಳು ಮತ್ತೆ ಆ ಓಣಿ ಬಿಟ್ಟಿಲ್ಲ.

ಒಂದು ಸಲ ನಮ್ಮ ವಾರ್ಡು ಮಹಿಳೆಯರಿಗೆ ಮೀಸಲಾಯಿತು. ಓಣಿಯ ಜನ ಅಕ್ಕನನ್ನು ಎಬ್ಬಿಸಿ ನಿಲ್ಲಿಸಿದರು. ಆರಿಸಿ ಬಂದಳು. ಐದು ವರ್ಷದಲ್ಲಿ ಅವಳು ಮಾಡಿದ್ದು ಒಂದೇ ದೊಡ್ಡ ಕೆಲಸ, ಆದರೆ ಅದು ಯಾರಿಂದಲೂ ಆಗದ ಕೆಲಸ. ನೂಲಿಗೆ ಬಣ್ಣ ಹಾಕುವ ಮನೆಗಳ ನೀರು ಓಣಿಯ ನಡುವಿನ ಗಟಾರದಲ್ಲಿ ಹರಿದು ಅಂಗನವಾಡಿಯ ಬಾಗಿಲಲ್ಲಿ ನಿಲ್ಲುತ್ತಿತ್ತು. ಒಂದು ದಿನ ಕೆಂಪು, ಒಂದು ದಿನ ಹಸಿರು. ಮಕ್ಕಳ ಕಾಲಲ್ಲಿ ಹುಣ್ಣು. ಗಟಾರ ಮುಂದೆ ಹಳ್ಳಕ್ಕೆ ಹೋಗಿ ಸೇರಬೇಕು, ಆದರೆ ನಡುವೆ ಒಬ್ಬ ಸಾಹುಕಾರ ಗಟಾರದ ಜಾಗ ನುಂಗಿ ಸಿಮೆಂಟಿನ ಗೋದಾಮು ಕಟ್ಟಿದ್ದ. ಅಕ್ಕ ಮೀಟಿಂಗಿನ ಮೇಲೆ ಮೀಟಿಂಗಿನಲ್ಲಿ ಅದನ್ನೇ ಎತ್ತಿದಳು. ಉಳಿದ ಮೆಂಬರರು ನಕ್ಕರು, ಆಮೇಲೆ ಬೇಸರಪಟ್ಟರು, ಆಮೇಲೆ ಹೆದರಿದರು. ಕೊನೆಗೆ ಅಳತೆ ನಡೆದು ಗೋದಾಮಿನ ಒಂದು ಗೋಡೆ ಬಿತ್ತು. ಗಟಾರ ಹಳ್ಳ ಮುಟ್ಟಿತು, ಮೇಲೆ ಕಲ್ಲು ಚಪ್ಪಡಿ ಕೂತವು.

ಸಾಹುಕಾರ ಅವತ್ತು ಬಿದ್ದ ಗೋಡೆ ನೋಡಿದ. ಅಕ್ಕನಿಗೆ ನಮಸ್ಕಾರ ಮಾಡಿ ಹೋದ. ಆ ನಮಸ್ಕಾರ ನನಗೆ ಆಗಲೇ ಸರಿ ಕಂಡಿರಲಿಲ್ಲ.

ಅವಧಿ ಮುಗಿಯುವ ಹೊತ್ತಿಗೆ ವಾರ್ಡುಗಳನ್ನು ಹೊಸದಾಗಿ ವಿಂಗಡಿಸುವ ಆದೇಶ ಬಂತು. ಪರೀಕ್ಷೆ ಮುಗಿದು ಸಾಲಿ ಸೂಟಿ ಇದ್ದದ್ದರಿಂದ ನಮ್ಮಂಥ ಐದು ಜನ ಮಾಸ್ತರರನ್ನು ಹಿಡಿದು ಮನಿಮನಿ ಎಣಿಸಲು ಹಚ್ಚಿದರು. ತರಬೇತಿ ಕೊಟ್ಟ ಅಧಿಕಾರಿ ಸುತ್ತೋಲೆ ಓದಿ ಹೇಳಿದ್ದು ನನಗೆ ಇನ್ನೂ ಕಿವಿಯಲ್ಲಿದೆ.

“ಹಳ್ಳ, ರಸ್ತೆ ಹಿಡದು ಗಡಿ ಹಾಕ್ರಿ. ಎಲ್ಲಾ ವಾರ್ಡಿನ್ಯಾಗ ಮಂದಿ ಹೆಚ್ಚುಕಮ್ಮಿ ಸಮ ಇರಬೇಕು. ಒಂದ ಕಡೆ ಕೂಡಿ ಬಾಳೋ ಜನಾನ ಮುರೀಬ್ಯಾಡ್ರಿ.”

ಪ್ರತಿ ವಾರ್ಡಿಗೂ ಒಂದು ಹಾಳೆ. ಪೂರ್ವಕ್ಕೆ ಏನು, ಪಶ್ಚಿಮಕ್ಕೆ ಏನು, ಉತ್ತರಕ್ಕೆ, ದಕ್ಷಿಣಕ್ಕೆ. ಹೊಲದ ಕಾಗದದಲ್ಲಿ ಬರೆಯುವ ಹಾಗೆ ನಾಲ್ಕು ದಿಕ್ಕಿನ ಚಕ್ಕುಬಂದಿ. ನನ್ನ ಪಾಲಿಗೆ ನಮ್ಮ ಓಣಿಯೇ ಬಂತು. ಎರಡು ವಾರ ಬಿಸಿಲಲ್ಲಿ ತಿರುಗಿದೆ. ಓಣಿಯ ಜನಸಂಖ್ಯೆ ಅವರು ಹೇಳಿದ ಮಿತಿಯೊಳಗೇ ಇತ್ತು. ಮುರಿಯುವ ಕಾರಣ ಒಂದೂ ಇರಲಿಲ್ಲ. ಚಕ್ಕುಬಂದಿ ಬರೆದು, ಕೈಯಿಂದ ನಕ್ಷೆ ಬರೆದು, ಸಹಿ ಮಾಡಿ ಕೊಟ್ಟೆ. ಕೊಡುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಂಡೆ. ಮುಂದಾಲೋಚನೆ ಏನಲ್ಲ, ನಕ್ಷೆ ಚೆಂದ ಬಂದಿತ್ತು, ಹೆಂಡತಿಗೆ ತೋರಿಸಲು ತೆಗೆದೆ.

ತಿಂಗಳ ನಂತರ ಕರಡು ಹೊರಬಿತ್ತು. ಊಟದ ಬಿಡುವಿನಲ್ಲಿ ಹೋಗಿ ನಿಂತು ಓದಿದೆ. ನಮ್ಮ ಓಣಿಯ ಪೂರ್ವದ ಸಾಲು ಬಸ್‌ಸ್ಟ್ಯಾಂಡಿನ ಕಡೆಯ ಹೊಸ ಲೇಔಟಿನ ವಾರ್ಡಿಗೆ. ಪಶ್ಚಿಮದ ಸಾಲು ಹಳ್ಳದಾಚೆಯ ಕೂಲಿಕಾರರ ಕೇರಿಯ ವಾರ್ಡಿಗೆ. ಗಡಿ ಯಾವುದು? ‘ನೇಕಾರ ಓಣಿಯ ಮಧ್ಯದ ರಸ್ತೆ.’ ಆ ರಸ್ತೆಯಲ್ಲಿ ಒಂದು ಎತ್ತಿನ ಗಾಡಿ ಹೋದರೆ ಎದುರಿಗೆ ಬಂದವರು ಕಟ್ಟೆ ಹತ್ತಬೇಕು. ಈ ಮನೆಯಲ್ಲಿ ಕೆಮ್ಮಿದರೆ ಆ ಮನೆಯಲ್ಲಿ ಕೇಳುತ್ತದೆ. ಎರಡೂ ವಾರ್ಡಿನಲ್ಲಿ ನೇಕಾರರು ಈಗ ಕೈಬೆರಳೆಣಿಕೆಯ ಮಂದಿ. ನಾನು ಆ ಬೋರ್ಡಿನ ಮುಂದೆ ಸಾಲಿಯ ಗಂಟೆ ಬಾರಿಸಿದ್ದೂ ತಿಳಿಯದೆ ನಿಂತಿದ್ದೆ.

ಸಂಜೆ ಅಕ್ಕನ ಮನೆಗೆ ಹೋದೆ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಹೇಳಿದೆ. ಲಾಳಿ ಕೈಯಲ್ಲೇ ಹಿಡಿದು ಕೇಳಿದಳು.

“ನೀ ಬರಕೊಟ್ಟಿದ್ದು ಏನು?”

“ಓಣಿ ಒಂದೇ ಅಂತ.”

“ಮತ್ತ ಇದನ್ನ ಯಾರ ಗೀಚಿದ್ರು?”

“ಮ್ಯಾಲಿನವ್ರು.”

“ಮ್ಯಾಲಿನವ್ರು ಅಂದ್ರ ಯಾರು? ಅವರಿಗೊಂದು ಹೆಸರಿಲ್ಲೇನು, ಮನಿ ಇಲ್ಲೇನು? ಹಿಂಗ ಗೀಚೋ ಅಧಿಕಾರ ಅವರಿಗೆ ಯಾರ ಕೊಟ್ಟಾರ?”

ನಾನು ಮಾಸ್ತರ. ಕಾಯಿದೆ ಹೇಳಲು ಹೊರಟೆ. ವಾರ್ಡು ಎಷ್ಟಿರಬೇಕು, ಗಡಿ ಎಲ್ಲಿರಬೇಕು ಎಂದು ನಿರ್ಧರಿಸುವ ಅಧಿಕಾರ ಕಾಯಿದೆಯಲ್ಲಿ ಸರ್ಕಾರಕ್ಕಿದೆ. ಜಿಲ್ಲೆಯ ಅಧಿಕಾರಿ ಕರಡು ಮಾಡುತ್ತಾನೆ. ಜನ ಆಕ್ಷೇಪಣೆ ಕೊಡಬಹುದು. ಕೊನೆಯ ಮಾತು ಸರ್ಕಾರದ್ದು. ಹೇಳುತ್ತ ಹೇಳುತ್ತ ನನಗೇ ನಾಚಿಕೆಯಾಯಿತು. ಸರ್ಕಾರ ಅಂದರೆ ಕುರ್ಚಿಯ ಮೇಲಿರುವವರು. ಮುಂದಿನ ಸಲ ಯಾರು ಆರಿಸಿ ಬರಬೇಕು ಎಂಬ ಗೆರೆಯನ್ನು ಈ ಸಲ ಆರಿಸಿ ಬಂದವರೇ ಎಳೆಯುವುದು. ಇದನ್ನು ನಾನು ಇಪ್ಪತ್ತೈದು ವರ್ಷ ಹುಡುಗರಿಗೆ ಪಾಠ ಮಾಡಿದ್ದೆ, ಬೋರ್ಡಿನ ಮೇಲೆ ಬಾಣ ಹಾಕಿ ತೋರಿಸಿದ್ದೆ, ಒಂದು ದಿನವೂ ಅದು ತಪ್ಪು ಅನಿಸಿರಲಿಲ್ಲ.

ಅಕ್ಕ ಕುಣಿಯಿಂದ ಎದ್ದಳು. “ಆಕ್ಷೇಪಣೆ ಬರೀ,” ಅಂದಳು.

ನಾನು ಬರೆದೆ, ಅವಳ ಹೆಸರಿನಲ್ಲಿ. ಎರಡೂ ಸಾಲಿನ ಮನೆಯವರು ಸಹಿ, ಹೆಬ್ಬೆಟ್ಟು ಹಾಕಿದರು. ಎದುರುಮನೆಯ ಕಾಕಾ, ಅಪ್ಪನ ಜೊತೆಗಾರ, ಕಣ್ಣು ಕಾಣದಿದ್ದರೂ ಸಹಿಯನ್ನೇ ಮಾಡುತ್ತೇನೆಂದು ಹಟ ಹಿಡಿದು ಹಾಳೆಯ ಅರ್ಧ ತುಂಬ ಬರೆದ. ಹುನಗುಂದದ ಕಚೇರಿಯಲ್ಲಿ ಅರ್ಜಿ ತಗೊಂಡರು, ಆದರೆ ತಗೊಂಡಿದ್ದಕ್ಕೆ ಶಿಕ್ಕಾ ಹಾಕಿಕೊಡಲು ಒಲ್ಲೆನೆಂದರು. ಅಕ್ಕ ಬಾಗಿಲ ಬಳಿಯ ಬೆಂಚಿನ ಮೇಲೆ ಕೂತಳು. ಹನ್ನೊಂದಕ್ಕೆ ಕೂತವಳು ನಾಲ್ಕರ ತನಕ ಏಳಲಿಲ್ಲ. ಗುಮಾಸ್ತ ಚಹಾ ಕುಡಿದು ಬಂದ, ಊಟ ಮಾಡಿ ಬಂದ, ಮತ್ತೆ ಚಹಾ ಕುಡಿದು ಬಂದ. ಕೊನೆಗೆ ಶಿಕ್ಕಾ ಬಿತ್ತು.

ವಿಚಾರಣೆ ಬಾಗಲಕೋಟೆಯ ನವನಗರದಲ್ಲಿ. ನಾನು ರಜೆ ಹಾಕಿ ಅವಳ ಜೊತೆ ಹೋದೆ. ಒಳಗೆ ಮಾತ್ರ ಹೋಗಲಿಲ್ಲ. ಸರ್ಕಾರಿ ನೌಕರ, ಸರ್ಕಾರದ ವಿರುದ್ಧದ ಅರ್ಜಿಯಲ್ಲಿ ಕಾಣಿಸಿಕೊಳ್ಳಬಾರದು. ವರಾಂಡದಲ್ಲಿ, ಕಿಟಕಿಯ ಪಕ್ಕ ನಿಂತೆ. ಒಳಗೆ ಊರೂರಿನ ಜನ, ಒಬ್ಬೊಬ್ಬರಿಗೆ ಒಂದೆರಡು ನಿಮಿಷ. ಅಕ್ಕನ ಸರದಿ ಬಂತು. ಅಧಿಕಾರಿ ಬೆಂಗಳೂರ ಕಡೆಯವನು, ಮಾತು ಮೃದು.

“ನೋಡಿ ಅಮ್ಮ, ರಸ್ತೆಯನ್ನೇ ಗಡಿ ಮಾಡಬೇಕು ಅಂತ ನಿಯಮ ಇದೆ. ರಸ್ತೆಯನ್ನೇ ಮಾಡಿದ್ದೇವೆ. ಇದರಲ್ಲಿ ತಪ್ಪೇನು?”

“ಅದು ರಸ್ತಾ ಅಲ್ರೀ ಸಾಹೇಬ್ರ, ಓಣಿ. ಒಂದ ಮನಿ ಪಡಸಾಲಿ ಇದ್ದಂಗ. ನೀವು ಬಂದು ನೋಡೀರೇನು?”

“ಸಮೀಕ್ಷೆ ಆಗಿದೆಯಲ್ಲ. ನಮ್ಮ ಶಿಕ್ಷಕರೇ ಸ್ಥಳಕ್ಕೆ ಹೋಗಿ ವರದಿ ಕೊಟ್ಟಿದ್ದಾರೆ. ಸಹಿ ಇದೆ.”

ಕಿಟಕಿಯಿಂದ ಅವಳ ಬೆನ್ನು ಕಾಣುತ್ತಿತ್ತು. ಆ ಸಹಿ ಮಾಡಿದವನು ನನ್ನ ತಮ್ಮ, ಅಲ್ಲೇ ಹೊರಗೆ ನಿಂತಿದ್ದಾನೆ, ಕರೆದು ಕೇಳಿರಿ ಎನ್ನಬಹುದಿತ್ತು. ಅನ್ನಲಿಲ್ಲ. ನಾನಾದರೂ ಒಳಗೆ ನುಗ್ಗಿ, ವರದಿ ಬರೆದವನು ನಾನೇ, ನಾನು ಹೀಗೆ ಬರೆದಿಲ್ಲ ಎನ್ನಬಹುದಿತ್ತು. ನಾನೂ ಅನ್ನಲಿಲ್ಲ. ಕಿಟಕಿಯ ಸರಳು ಹಿಡಿದು ನಿಂತಿದ್ದೆ, ಅಷ್ಟೇ.

“ಆ ವರದಿ ನನಗ ತೋರಸ್ರಿ ಹಂಗಾರ,” ಅಂದಳು.

“ಅದು ಇಲಾಖೆಯ ಒಳಗಿನ ಕಾಗದ ಅಮ್ಮ. ನಿಮ್ಮ ಆಕ್ಷೇಪಣೆ ಮೇಲೆ ಕಳಿಸ್ತೀವಿ. ಮುಂದಿನವರು.”

ತಿರುಗಿ ಬರುವಾಗ ಬಸ್ಸಿನಲ್ಲಿ ಅವಳು ಶಿಕ್ಕಾ ಬಿದ್ದ ಅರ್ಜಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ಶಿರೂರಿನಲ್ಲಿ ಜನ ಹತ್ತಿ ಇಳಿಯುವ ಗದ್ದಲದ ನಡುವೆ ನನ್ನ ಕಡೆ ತಿರುಗಿದಳು.

“ತಮ್ಮಾ, ನಾ ನಿನ್ನ ಹೆಸರ ಹೇಳಲಿಲ್ಲ. ನೌಕರಿ ಹೋಗಬಾರದಂತ ಹೇಳಲಿಲ್ಲ. ಆದ್ರ ನೀ ತಾನ ಬರ್ತಿ ಅಂತ ತಿಳಿದಿದ್ನಿ. ಒಂದ್ಸಲ ಬಾಗಿಲ ಕಡೆ ಹೊಳ್ಳಿ ನೋಡಿದ್ನಿ.”

ಅವಳು ಮತ್ತೆ ಆ ಮಾತು ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು.

ಅಂತಿಮ ಅಧಿಸೂಚನೆ ಬಂತು. ಗೆರೆ ಅದೇ. ಅಕ್ಕನ ಆಕ್ಷೇಪಣೆಯ ಎದುರು ‘ಪರಿಶೀಲಿಸಿ ತಿರಸ್ಕರಿಸಲಾಗಿದೆ’ ಎಂದಿತ್ತು. ಇಡೀ ಓಣಿಯ ಸಹಿಗೆ ಎರಡು ಪದದ ಉತ್ತರ.

ಹುನಗುಂದದ ವಕೀಲರೊಬ್ಬರು, ನನ್ನ ಹಳೆಯ ವಿದ್ಯಾರ್ಥಿಯ ತಂದೆ, ಕಾಗದಗಳನ್ನು ಓದಿ ಕನ್ನಡಕ ತೆಗೆದರು.

“ಖರೆ ಹೇಳ್ತೇನಿ ನೋಡ್ರಿ ಅಕ್ಕಾರ. ವಾರ್ಡಿನ ಗಡಿ ಸರಿ ಐತೋ ತಪ್ಪೈತೋ ಅಂತ ಯಾವ ಕೋರ್ಟಿನ್ಯಾಗೂ ಪ್ರಶ್ನಾ ಮಾಡಾಕ ಬರೂದಿಲ್ಲಂತ ಸಂವಿಧಾನದಾಗ ಬರದಾರ. ಚುನಾವಣಿ ನಿಲ್ಲಬಾರದಂತ ಮಾಡಿದ್ದು. ಆದ್ರ ಅದರ ನೆರಳಿನ್ಯಾಗ ಎಂಥೆಂಥವ್ರು ಕುಂತಾರ ನೋಡ್ರಿ.”

“ಹಂಗಾರ ದಾರೀನ ಇಲ್ಲೇನ್ರಿ?”

“ಒಂದ ಸಣ್ಣ ದಾರಿ ಐತಿ. ಗಡಿ ತಪ್ಪು ಅನ್ನೂದು ಬಿಟ್ಟು, ವರದಿ ಒಂದು, ಅಧಿಸೂಚನಾ ಒಂದು, ಕಾಗದ ತಿದ್ದ್ಯಾರ ಅನ್ನಬೇಕು. ಅದಕ್ಕ ಮೂಲ ವರದಿ ಬೇಕು. ಅದನ್ನ ಬರದವ್ರು ಕೋರ್ಟಿಗೆ ಅಫಿಡವಿಟ್ ಹಾಕಬೇಕು.” ಅವರು ನನ್ನ ಕಡೆ ನೋಡಲಿಲ್ಲ. ಮೇಜಿನ ಮೇಲಿನ ಕಾಗದ ನೋಡುತ್ತಿದ್ದರು.

ಮೂಲ ವರದಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆವು. ‘ಕಡತ ಲಭ್ಯವಿಲ್ಲ’ ಎಂದು ಬಂತು. ನನ್ನ ಮೊಬೈಲಿನಲ್ಲಿ ಫೋಟೋ ಇತ್ತು. ಅಫಿಡವಿಟ್ ಕೊಡಬೇಕೋ ಬೇಡವೋ ಎಂದು ಮನೆಯಲ್ಲಿ ಜಗಳ ಶುರುವಾಯಿತು. ಹೆಂಡತಿಯ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟ. ಮಗಳು ಇನ್ನೂ ಓದುತ್ತಿದ್ದಳು, ನನ್ನ ನಿವೃತ್ತಿಗೆ ನಾಲ್ಕು ವರ್ಷ ಉಳಿದಿತ್ತು. “ನಿಮ್ಮಕ್ಕನ ಮೆಂಬರಕಿ ಸಲುವಾಗಿ ನಮ್ಮ ಮನಿ ಮುರೀಬೇಕೇನು?” ಅಂದಳು. ಅಕ್ಕನೂ ಅವಳ ಪರವೇ ನಿಂತಳು. “ಅವ ಕೊಡೂದು ಬ್ಯಾಡ. ಬ್ಯಾರೆ ದಾರಿ ನೋಡೂಣು.” ನಾನು ಹೂಂ ಅಂದೆ. ಮನಸ್ಸಿಗೆ ಹಗುರವೂ ಆಯಿತು, ಅದನ್ನು ಮುಚ್ಚಿಡುವುದಿಲ್ಲ.

ಹಾಗೇ ಮುಗಿದುಹೋಗುತ್ತಿತ್ತು, ಅವರು ಸುಮ್ಮನಿದ್ದಿದ್ದರೆ. ಆದರೆ ಒಂದು ಮಧ್ಯಾಹ್ನ ಕಚೇರಿಯ ಗುಮಾಸ್ತನೊಬ್ಬ ಸ್ಕೂಟರಿನ ಮೇಲೆ ಸಾಲಿಗೆ ಬಂದ. ಹೆಡ್‌ಮಾಸ್ತರರ ಕೋಣೆಗೆ ನನ್ನನ್ನು ಕರೆಸಿದರು. ಗುಮಾಸ್ತ ನಗುತ್ತ ಒಂದು ಟೈಪು ಮಾಡಿದ ಹಾಳೆ ಮುಂದಿಟ್ಟ.

“ಸರ, ನಿಮ್ಮ ಹಳೀ ಹಾಳಿ ಎಲ್ಲೋ ಸೇರೇತಿ, ಸಿಗವಲ್ದು. ಕೇಸು ಆಗ್ತೈತಿ ಅನ್ನಾಕತ್ತಾರ. ಇದಕ್ಕೊಂದ ಸಹಿ ಮಾಡಿಬಿಡ್ರಿ, ಫೈಲಿಗೆ ಸೇರಸ್ತೀವಿ. ತಾರೀಕು ನಾವು ಹಾಕ್ಕೋತೀವಿ.”

ಓದಿದೆ. ನಮ್ಮ ಓಣಿಯ ಹಾಳೆ. ‘ಪೂರ್ವಕ್ಕೆ: ನೇಕಾರ ಓಣಿಯ ಮಧ್ಯದ ರಸ್ತೆ.’ ಕೆಳಗೆ ನನ್ನ ಹೆಸರು, ಹುದ್ದೆ, ಸಹಿಗೆ ಖಾಲಿ ಜಾಗ.

ಮೊದಲು ನನ್ನ ಕೆಲಸವನ್ನು ಕದ್ದರು, ಈಗ ಕಳ್ಳತನಕ್ಕೆ ನನ್ನಿಂದಲೇ ರಸೀದಿ ಕೇಳುತ್ತಿದ್ದರು. ಅದೂ ನಗುತ್ತ, ಸರ ಸರ ಅನ್ನುತ್ತ. ನನ್ನ ಜೀವಮಾನದಲ್ಲಿ ಸಾಲಿಯೊಳಗೆ ದನಿ ಎತ್ತಿ ಬೈದದ್ದು ಅದೊಂದೇ ಸಲ. ಏನೇನು ಅಂದೆನೋ ಪೂರ್ತಿ ನೆನಪಿಲ್ಲ. ಹತ್ತನೆಯ ತರಗತಿಯ ಹುಡುಗರೆಲ್ಲ ಕಿಟಕಿಗೆ ಬಂದು ನಿಂತಿದ್ದರಂತೆ. ಹೆಡ್‌ಮಾಸ್ತರರು “ಸರ, ಸಾವಕಾಶ, ಸಾವಕಾಶ” ಎಂದು ನನ್ನ ತೋಳು ಹಿಡಿದಿದ್ದರು. ಗುಮಾಸ್ತ ಹಾಳೆ ಮಡಚಿಕೊಂಡು, “ನಾ ಏನ ಮಾಡ್ಲಿರಿ, ನನಗ ಹೇಳ್ಯಾರ, ಬಂದೇನಿ,” ಅಂದ. ಪಾಪ, ಅದು ನಿಜವೂ ಇರಬೇಕು. ಆದರೆ ಹೀಗೇ ಎಲ್ಲರಿಗೂ ಯಾರೋ ಹೇಳಿರುತ್ತಾರೆ. ಹೇಳಿದವನು ಮಾತ್ರ ಎಂದೂ ಎದುರಿಗೆ ಸಿಗುವುದಿಲ್ಲ.

ಅದೇ ಸಂಜೆ ವಕೀಲರ ಮನೆಗೆ ಹೋಗಿ ಅಫಿಡವಿಟ್ ಕೊಡುತ್ತೇನೆಂದು ಹೇಳಿದೆ. ಮನೆಗೆ ಬಂದು ಹೆಂಡತಿಗೆ ಗುಮಾಸ್ತನ ಕಥೆ ಹೇಳಿದೆ. ಅವಳು ಅಡಿಗೆಮನೆಗೆ ಹೋಗಿ ಒಲೆ ಆರಿಸಿದಳು. ಬಂದು, “ಖೊಟ್ಟಿ ಕಾಗದಕ್ಕ ಸಹಿ ಮಾಡಿ ಪಿಂಚಣಿ ತಿನ್ನೂದೂ ಬ್ಯಾಡ ಬಿಡ್ರಿ,” ಅಂದಳು. ಆ ಮಾತಿಗೆ ನಾನು ಅವಳಿಗೆ ಯಾವತ್ತೂ ಋಣಿ.

ಅಫಿಡವಿಟ್ ಹಾಕಿದ ಎರಡು ವಾರಕ್ಕೆ ಕಾರಣ ಕೇಳಿ ನೋಟಿಸು. ಅನುಮತಿ ಇಲ್ಲದೆ ಸಾಕ್ಷ್ಯ ನುಡಿದದ್ದು, ಇಲಾಖೆಯ ಗುಪ್ತ ಕಾಗದದ ಚಿತ್ರ ಇಟ್ಟುಕೊಂಡದ್ದು. ಅದರ ಬೆನ್ನಿಗೇ ನಿಯೋಜನೆಯ ಆದೇಶ: ಬಾದಾಮಿ ತಾಲ್ಲೂಕಿನಲ್ಲಿ, ಶಿವಯೋಗಮಂದಿರದಿಂದ ಇನ್ನೂ ಆಚೆ ಒಂದು ಊರಿನ ಸಾಲಿ. ಅಲ್ಲಿ ಸಮಾಜ ವಿಜ್ಞಾನಕ್ಕೆ ಮಾಸ್ತರರು ಇದ್ದರು. ನಾನು ಹೋದ ದಿನ ಅವರೇ ಬೆಕ್ಕಸಬೆರಗಾಗಿ, “ನೀವ್ಯಾಕ ಬಂದ್ರಿ ಸರ? ನನ್ನನ್ನ ಕಳಸ್ತಾರೇನು?” ಎಂದು ಕೇಳಿದರು. ನಾನು ಅಲ್ಲೊಂದು ಖೋಲಿ ಹಿಡಿದೆ. ಶನಿವಾರ ಮಧ್ಯಾಹ್ನ ಊರಿಗೆ, ಸೋಮವಾರ ಬೆಳಿಗ್ಗೆ ತಿರುಗಿ. ಮಲಪ್ರಭೆಯ ದಂಡೆಯಲ್ಲಿ ಸಂಜೆ ಕೂತರೆ ತಂಪು ಗಾಳಿ ಬೀಸುತ್ತದೆ, ಮಂದಿರದ ವಟುಗಳು ಮಂತ್ರ ಹೇಳುವುದು ಕೇಳಿಸುತ್ತದೆ. ಜನ ಇದನ್ನು ಪುಣ್ಯದ ಜಾಗ ಅನ್ನುತ್ತಾರೆ. ನಾನು ಅಲ್ಲಿ ಕೂತು ಮನಸ್ಸಿನಲ್ಲೇ ಬೈಯುತ್ತಿದ್ದೆ.

ಧಾರವಾಡದ ಕೋರ್ಟಿನಲ್ಲಿ ನಮ್ಮ ಅರ್ಜಿ ನಿಂತದ್ದು ಸ್ವಲ್ಪ ಹೊತ್ತು. ಅಕ್ಕ ಹೊಸ ಸೀರೆ ಉಟ್ಟು ಹಿಂದಿನ ಸಾಲಿನಲ್ಲಿ ಕೂತಿದ್ದಳು. ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯಿತು. ನನಗೆ ತಿಳಿದಷ್ಟು ಅವಳ ಕಿವಿಯಲ್ಲಿ ಹೇಳುತ್ತ ಹೋದೆ. ಅಧಿಸೂಚನೆ ಹೊರಬಿದ್ದ ಮೇಲೆ ವಾರ್ಡಿನ ಗಡಿಯ ಒಳಗೆ ಕೋರ್ಟು ಕೈ ಹಾಕುವಂತಿಲ್ಲ. ವರದಿಯ ವ್ಯತ್ಯಾಸದ ಬಗ್ಗೆ ಅರ್ಜಿದಾರರು ಸಂಬಂಧಪಟ್ಟ ಅಧಿಕಾರಿಗೆ ಮನವಿ ಕೊಡಬಹುದು, ಅವರು ಕಾಯಿದೆಯಂತೆ ಪರಿಶೀಲಿಸಬೇಕು. ಮುಗಿಯಿತು.

“ಸಂಬಂಧಪಟ್ಟ ಅಧಿಕಾರಿ ಅಂದ್ರ ಯಾರು?” ಅಕ್ಕ ಹೊರಗೆ ಬಂದು ಕೇಳಿದಳು.

ವಕೀಲರು ತಲೆ ತಗ್ಗಿಸಿದರು. “ಅವ್ರ ರಿ.”

“ಗೀಚಿದವ್ರ ಏನು?”

“ಹೌದ್ರಿ.”

ಅಕ್ಕ ನಕ್ಕಳು. ಜೋರಾಗಿ, ಕಾರಿಡಾರಿನಲ್ಲಿದ್ದವರೆಲ್ಲ ಹೊಳ್ಳಿ ನೋಡುವ ಹಾಗೆ. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನ್ಯಾಯಾಧೀಶರ ಮೇಲೆ ನನಗೆ ಸಿಟ್ಟಿಲ್ಲ. ಅವರ ಕೈ ಕಟ್ಟಿದ್ದು ಕಾಯಿದೆ. ಸಿಟ್ಟು ಆ ಕಟ್ಟಿನ ಲಾಭ ತಿಳಿದು, ತಣ್ಣಗೆ ಕೂತು, ಸ್ಕೇಲು ಹಿಡಿದು ಓಣಿ ಸೀಳಿದವರ ಮೇಲೆ.

ಮನವಿ ಕೊಟ್ಟೆವು. ಉತ್ತರ ಬರುವ ಮೊದಲು ಚುನಾವಣೆ ಬಂತು. ಅಕ್ಕ ಪಶ್ಚಿಮದ ವಾರ್ಡಿನಲ್ಲಿ, ಅಂದರೆ ಹಳ್ಳದಾಚೆಯ ಕೇರಿ ಸೇರಿದ್ದರಲ್ಲಿ, ಪಕ್ಷೇತರಳಾಗಿ ನಿಂತಳು. ಅಲ್ಲೇ ಸಾಹುಕಾರನ ಅಣ್ಣನ ಮಗ ನಿಂತಿದ್ದ. ಕೇರಿಯ ಜನ ಅಕ್ಕನನ್ನು ಅಷ್ಟಾಗಿ ಅರಿತವರಲ್ಲ. ಅವರೆಲ್ಲ ಗ್ರಾನೈಟ್ ಕ್ವಾರಿಯಲ್ಲಿ, ಹೊಲದಲ್ಲಿ ದುಡಿಯುವವರು. ಅಕ್ಕ ನಸುಕಿನಲ್ಲಿ ಅವರು ಕೆಲಸಕ್ಕೆ ಹೊರಡುವ ಮೊದಲೇ ಹೋಗಿ ಕೂರುತ್ತಿದ್ದಳು. ಒಬ್ಬ ಹೆಣ್ಣುಮಗಳು ಮುಖದ ಮೇಲೆ ಹೊಡೆದ ಹಾಗೆ ಹೇಳಿದಳಂತೆ: “ಗಟಾರ ಕಟ್ಟಿ ನಿಮ್ಮ ಬಣ್ಣದ ನೀರು ನಮ್ಮ ಹಳ್ಳಕ್ಕ ಬಿಟ್ರಿ. ಈಗ ಓಟ ಕೇಳಾಕ ಬಂದೀರಿ.”

ಆ ರಾತ್ರಿ ಅಕ್ಕ ಫೋನಿನಲ್ಲಿ ಅದನ್ನು ನನಗೆ ಹೇಳುವಾಗ ದನಿ ಸಣ್ಣದಾಗಿತ್ತು. “ಖರೇನ ಅಲ್ಲೇನೋ ತಮ್ಮಾ? ಗಟಾರ ಹಳ್ಳಕ್ಕ ಮುಟ್ಟಿಸಿದ್ನಿ ಅಂತ ಹೆಮ್ಮಿಲೆ ತಿರಗಿದ್ನಿ. ಹಳ್ಳದ ಆಚೆ ಮಂದಿ ಅದಾರಂತ ನೋಡಲಿಲ್ಲ.”

ಸೋತಳು. ನಮ್ಮ ಪೂರ್ವದ ಸಾಲಿನ ಅರ್ಧದಷ್ಟು ಮನೆಗಳು ಆ ವಾರ್ಡಿನಲ್ಲಿದ್ದಿದ್ದರೂ ಗೆಲ್ಲುತ್ತಿದ್ದಳು. ಮತದಾನದ ದಿನ ಎದುರುಮನೆಯ ಕಾಕಾ ಒಂದು ಬೂತಿಗೆ ಹೋದ, ಎದುರಿಗೇ ಇರುವ ಅವನ ಮಗಳು ಇನ್ನೊಂದು ಬೂತಿಗೆ. ಈಗ ಓಣಿಯ ನಡುವಿನ ಗಟಾರದ ಚಪ್ಪಡಿ ಮುರಿದರೆ ಈ ಮೆಂಬರ ‘ಆ ವಾರ್ಡಿನವರಿಗೆ ಹೇಳ್ರಿ’ ಅನ್ನುತ್ತಾನೆ, ಆ ಮೆಂಬರ ‘ಈ ವಾರ್ಡಿನವರಿಗೆ ಹೇಳ್ರಿ’ ಅನ್ನುತ್ತಾನೆ. ಗಡಿ ಅಂದರೆ ಯಾರ ಹೊಣೆಯೂ ಅಲ್ಲದ ಜಾಗ.

ನನ್ನ ಮೇಲಿನ ವಿಚಾರಣೆ ಎಚ್ಚರಿಕೆ ಪತ್ರದಲ್ಲಿ ಮುಗಿಯಿತು. ನಿಯೋಜನೆ ಮಾತ್ರ ಮುಗಿದಿಲ್ಲ. ನನ್ನ ಹಾಳೆ ಬದಲಾದದ್ದು ಹೇಗೆ ಎಂಬುದನ್ನು ಇವತ್ತಿನ ತನಕ ಯಾರೂ ಕೇಳಿಲ್ಲ. ಅಕ್ಕನ ಮನವಿಗೆ ‘ಚುನಾವಣೆ ಮುಗಿದಿರುವುದರಿಂದ ಕ್ರಮ ಅಗತ್ಯವಿಲ್ಲ’ ಎಂದು ಉತ್ತರ ಬಂತು.

ಅಕ್ಕ ಸುಮ್ಮನೆ ಕೂರುವವಳಲ್ಲ. ಚುನಾವಣೆ ಮುಗಿದ ಮೇಲೆಯೂ ಹಳ್ಳದಾಚೆಗೆ ಹೋಗುವುದನ್ನು ಬಿಡಲಿಲ್ಲ. ಬಣ್ಣದ ನೀರನ್ನು ಗುಂಡಿಯಲ್ಲಿ ತಡೆದು ತಿಳಿ ಮಾಡಿ ಬಿಡುವುದಕ್ಕೆ ನಮ್ಮ ಬಣ್ಣದ ಮನೆಗಳವರನ್ನು ಕಾಡಿ ಬೇಡಿ ಒಪ್ಪಿಸಿದಳು. ಹೋದ ತಿಂಗಳು ಒಂದು ಭಾನುವಾರ ನನ್ನನ್ನೂ ಅಲ್ಲಿಗೆ ಕರೆದೊಯ್ದಳು. “ಮುಂದ ಜನಗಣತಿ ಆದಮ್ಯಾಗ ಮತ್ತ ಗೀಚ್ತಾರ. ಆವಾಗ ಬೋರ್ಡಿಗೆ ಹಚ್ಚಿದ್ದನ್ನ ಓದಾಕ ಬರಬೇಕಲಾ ಮಂದಿಗೆ,” ಅಂದಳು.

ಕೇರಿಯ ಸಮುದಾಯ ಭವನದ ಕಟ್ಟೆಯ ಮೇಲೆ ಮೂವತ್ತು ನಲವತ್ತು ಜನ ಕೂತಿದ್ದರು. ನಾನು ಅಧಿಸೂಚನೆಯನ್ನು ಜೋರಾಗಿ ಓದಿ, ಒಂದೊಂದು ದಿಕ್ಕೂ ಎಲ್ಲಿ ಬರುತ್ತದೆಂದು ಕೈ ಮಾಡಿ ತೋರಿಸುತ್ತ ಹೋದೆ. ದಕ್ಷಿಣದ ಗಡಿಗೆ ಬಂದಾಗ ಅಕ್ಕನಿಗೆ ಮುಖದ ಮೇಲೆ ಹೇಳಿದ್ದ ಅದೇ ಹೆಣ್ಣುಮಗಳು ಎದ್ದು ನಿಂತಳು.

“ನಿಲ್ರಿ ಸರ. ನೀರಿನ ಟಾಕಿ ಕಡಿಂದ ಅಂದ್ರಿ? ಟಾಕಿ ಆಚೆ ನಮ್ಮ ತವರಮನಿ ಅದಾವ, ಹದಿನೆಂಟ ಮನಿ. ಅವು ನಮ್ಮ ವಾರ್ಡಲ್ಲೇನು?”

“ಅಲ್ಲವ್ವಾ. ಅವನ್ನ ಮಗ್ಗಲ ವಾರ್ಡಿಗೆ ಹಾಕ್ಯಾರ.”

“ಯಾವಾಗ?”

“ಇದರಾಗ. ನಮ್ಮ ಓಣಿ ಮುರದಾಗನ.”

ಕಟ್ಟೆಯ ಮೇಲೆ ಗದ್ದಲ ಎದ್ದಿತು. ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ; ಮತದಾನದ ದಿನ ಆ ಮನೆಗಳವರಿಗೆ ಬೂತು ಮಾತ್ರ ಬೇರೆಯಾಗಿದೆ ಎಂದುಕೊಂಡಿದ್ದರು. ಆ ನೋಟಿಸು ಬೋರ್ಡಿನ ಮೇಲಿದ್ದ ದಿನಗಳಲ್ಲಿ ಅವರೆಲ್ಲ ಕ್ವಾರಿಯಲ್ಲಿದ್ದರು. ಆಕೆ ಸಾಹುಕಾರನ ಮನೆತನಕ್ಕೆ ಕೊಟ್ಟ ಬೈಗುಳವನ್ನು ಇಲ್ಲಿ ಬರೆಯಲು ಬರುವುದಿಲ್ಲ. ಕೇಳಿ ನನಗೆ ಎಷ್ಟೋ ತಿಂಗಳ ಮೇಲೆ ಎದೆ ಹಗುರಾಯಿತು.

ಅವತ್ತೇ ಅಲ್ಲೇ ಕೂತು ಒಂದು ಅರ್ಜಿ ಬರೆದೆ: ಮುಂದಿನ ಸಲ ವಾರ್ಡು ವಿಂಗಡಿಸುವಾಗ ಕರಡನ್ನು ಓಣಿ ಓಣಿಗೆ, ಕೇರಿ ಕೇರಿಗೆ ತಂದು ಓದಬೇಕು, ಸಮೀಕ್ಷೆಯ ಹಾಳೆಯನ್ನು ಅದರ ಜೊತೆಗೇ ಅಂಟಿಸಬೇಕು. ಈ ಸಲ ನಾನೂ ಸಹಿ ಮಾಡಿದೆ, ಹುದ್ದೆಯ ಸಮೇತ. ಹಳ್ಳದ ಎರಡೂ ದಂಡೆಯ ಜನ ಸಹಿ ಮಾಡಿದರು. ಅಕ್ಕ ಮತ್ತು ಆ ಹೆಣ್ಣುಮಗಳು ಇಬ್ಬರೂ ಹೋಗಿ ಕಚೇರಿಗೆ ಕೊಟ್ಟು ಬಂದಿದ್ದಾರೆ. ಉತ್ತರ ಇನ್ನೂ ಬಂದಿಲ್ಲ. ಇಬ್ಬರೂ ವಾರಕ್ಕೊಮ್ಮೆ ಹೋಗಿ ಕೇಳುತ್ತಾರೆ. ಇವರು ಮೆಟ್ಟಿಲು ಹತ್ತುವುದು ಕಂಡರೆ ಗುಮಾಸ್ತ ಚಹಾ ಕುಡಿಯಲು ಎದ್ದು ಹೋಗುತ್ತಾನಂತೆ.